ಕುದಿಸಿದ ನೀರು

ಹಿರೇಕೊಟ್ನೆಕಲ್‌ನ ನಮ್ಮ ಮನೆಯಲ್ಲಿ ಬೋರ್‌ವೆಲ್ ನೀರನ್ನು ಕುದಿಸದೆ ಮಕ್ಕಳಿಗೆ ಕೊಟ್ಟವಳಲ್ಲ ನಾನು. ಆ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ನೀವೂ ಹೀಗೇ ಮಾಡುತ್ತಿರಬಹುದು.

ಮಗಳಿಗೆ ಹೊಸ ಹಲ್ಲು ಬಂದಾಗ ಅವುಗಳ ಮೇಲೆ ಕಂದು ಗೆರೆ. ಸರಿಯಾಗಿ ಉಜ್ಜುವುದಿಲ್ಲವೆಂದು ಗದರಿದೆ, ಒಮ್ಮೆ ಹೊಡೆದೂಬಿಟ್ಟೆ. ದಂತವೈದ್ಯರು ನೋಡಿ, "ಅದು ಕೊಳೆಯಲ್ಲಮ್ಮಾ, ನೀರಿನ ಫ್ಲೋರೈಡ್" ಎಂದರು. ರಾಯಚೂರು ಜಿಲ್ಲೆಯ ನೆಲದಡಿಯ ಗ್ರಾನೈಟ್ ಕಲ್ಲಿನಿಂದ ಅದು ನೀರಿಗೆ ಬಿಡುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ನಾನೋ, ಅರ್ಧ ಗಂಟೆ ಕುದಿಸುತ್ತಿದ್ದೆ!

ನೆಲದೊಳಗಿನ ನೀರು ಇದ್ದಲ್ಲೇ ಇರುವುದೂ ಇಲ್ಲ. ಭತ್ತದ ಗದ್ದೆಗೆ ನಾವು ಸುರಿಯುವ ಯೂರಿಯಾ ನೈಟ್ರೇಟ್ ಆಗಿ ಇಂಗುತ್ತದೆ, ಹಳ್ಳಕ್ಕೆ ಒಸರುತ್ತದೆ. ಹಳ್ಳ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ. ಕೃಷ್ಣೆ ಆಂಧ್ರದ ಹಂಸಲದೀವಿಯ ಅಳಿವೆಯಲ್ಲಿ ಕಡಲು ಸೇರುತ್ತಾಳೆ. ಅಲ್ಲಿ ಮೀನು ಮಾರುವ ತಾಯಂದಿರಿಗೆ ನಮ್ಮ ಊರಿನ ಹೆಸರೂ ಗೊತ್ತಿರಲಿಕ್ಕಿಲ್ಲ.

ಈಗ ಕುಡಿಯಲು, ಅನ್ನಕ್ಕೆ, ಚಹಕ್ಕೆ ಶುದ್ಧೀಕರಣ ಘಟಕದ ನೀರು. ವುಝೂಗೆ, ಬಟ್ಟೆಗೆ ಬೋರ್‌ವೆಲ್. ಮಗಳಲ್ಲಿ ಕ್ಷಮೆ ಕೇಳಿದೆ. ನಕ್ಕಳು, ಬಾಯಿಗೆ ದುಪ್ಪಟ್ಟಾ ಅಡ್ಡ ಹಿಡಿದುಕೊಂಡು.