ಕೆ.ಎಂ. ದೊಡ್ಡಿಗೆ ಒಂದು ಸ್ಟಾಪ್

ನಮ್ಮ ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ಮಂಡ್ಯ ಜಿಲ್ಲೆ ಇದೆ. ಪೂರ್ತಿ ಜಿಲ್ಲೆ ಅಲ್ಲ; ಮಂಡ್ಯ, ಮದ್ದೂರು, ಮಳವಳ್ಳಿ, ಅಷ್ಟೇ. ಆಡೋರು ಒಂಬತ್ತು ಜನ. ಹೆಚ್ಚಿನವರು ಈ ಮೂರು ತಾಲ್ಲೂಕಿನವರೇ ಆಗಿದ್ದರಿಂದ ಕಟ್ಟಿಕೊಂಡ ಬೇಸ್‌ಗೆ ಅವರವರ ಊರಿನ ಹೆಸರನ್ನೇ ಇಟ್ಟರು. ನಿಜದ 1 ಕಿಲೋಮೀಟರಿಗೆ ಆಟದಲ್ಲಿ 100 ಬ್ಲಾಕ್ ಅಂತ ಲೆಕ್ಕ. ಮಂಡ್ಯದಿಂದ ಮದ್ದೂರಿಗೆ 2,000 ಬ್ಲಾಕ್, ಮದ್ದೂರಿಂದ ಮಳವಳ್ಳಿಗೆ 2,500.

ಆಡದೇ ಇರೋರಿಗೆ ಸ್ವಲ್ಪ ಹೇಳ್ತೀನಿ. ಮೈನ್‌ಕ್ರಾಫ್ಟ್‌ನಲ್ಲಿ ನಡೆದರೆ ಸೆಕೆಂಡಿಗೆ 4.3 ಬ್ಲಾಕ್ ಹೋಗಬಹುದು. ಮದ್ದೂರಿಂದ ಮಳವಳ್ಳಿಗೆ ಹತ್ತಿರ ಹತ್ತಿರ 10 ನಿಮಿಷ. ಆಟದಲ್ಲಿ ಹಗಲು ಇರೋದೇ 10 ನಿಮಿಷ. ಬೆಳಿಗ್ಗೆ ಹೊರಟವನು ಸೇರೋ ಹೊತ್ತಿಗೆ ಕತ್ತಲೆ, ಕತ್ತಲೆ ಅಂದ್ರೆ ಜೋಂಬಿ. ದಾರಿಯಲ್ಲಿ ಸತ್ತರೆ ಚೀಲದಲ್ಲಿದ್ದದ್ದೆಲ್ಲ ಅಲ್ಲೇ ಬೀಳತ್ತೆ, ನೀವು ಬರಿಗೈಯಲ್ಲಿ ಮತ್ತೆ ಹುಟ್ಟುತ್ತೀರಿ. ಹಾಗಾಗಿ ಒಂದು ಫಾಸ್ಟ್ ಪಬ್ಲಿಕ್ ಟ್ರಾನ್ಸ್‌ಪೋರ್ಟ್ ಬೇಕು ಅನ್ನೋದರಲ್ಲಿ ಜಗಳ ಇರಲಿಲ್ಲ.

ಮೊದಲು ರೈಲು ಅಂದುಕೊಂಡೆವು. ಆದ್ರೆ ಮೈನ್‌ಕಾರ್ಟ್ ಓಡೋದು ಸೆಕೆಂಡಿಗೆ 8 ಬ್ಲಾಕ್, ಜೊತೆಗೆ ಪವರ್ಡ್ ರೈಲಿಗೆ ಚಿನ್ನ ಬೇಕು. ಆಟದ ವಿಚಿತ್ರ ಏನಂದ್ರೆ, ಐಸ್ ಮೇಲೆ ಬೋಟ್ ಇಟ್ಟರೆ ರೈಲಿಗಿಂತ ಎಷ್ಟೋ ಪಟ್ಟು ಜೋರಾಗಿ ಜಾರತ್ತೆ. ಪ್ಯಾಕ್ಡ್ ಐಸ್ ಮೇಲೆ ಸೆಕೆಂಡಿಗೆ 40 ಬ್ಲಾಕ್, ಬ್ಲೂ ಐಸ್ ಮೇಲೆ 70ಕ್ಕೂ ಹೆಚ್ಚು. ಆದ್ರೆ 9 ಐಸ್ ಸೇರಿದರೆ 1 ಪ್ಯಾಕ್ಡ್ ಐಸ್, 9 ಪ್ಯಾಕ್ಡ್ ಐಸ್ ಸೇರಿದರೆ 1 ಬ್ಲೂ ಐಸ್. 4,500 ಬ್ಲಾಕ್ ದಾರಿಗೆ ಒಂದೇ ಸಾಲು ಬ್ಲೂ ಐಸ್ ಹಾಸಿದರೂ 3,64,500 ಐಸ್ ಒಡೆಯಬೇಕು. ಅಷ್ಟರಲ್ಲಿ ಡಿಗ್ರಿ ಮುಗಿದಿರತ್ತೆ.

ದಾರಿ ತೋರಿಸಿದ್ದು ನೆದರ್. ಅದು ಆಟದ ಪಾತಾಳ ಲೋಕ. ಪೋರ್ಟಲ್ ದಾಟಿ ಒಳಗೆ ಹೋದರೆ ಅಲ್ಲಿನ 1 ಬ್ಲಾಕ್ ಅಂದ್ರೆ ಮೇಲಿನ 8 ಬ್ಲಾಕ್. 4,500 ಬ್ಲಾಕ್ ದಾರಿ ಅಲ್ಲಿ ಬರೀ 563. ಎರಡೂ ಕಡೆಯಿಂದ ಬರೋ ಬೋಟ್‌ಗಳು ಡಿಕ್ಕಿ ಹೊಡೀಬಾರದು ಅಂತ ಜೋಡಿ ಸಾಲು ಹಾಕಿದರೂ ಪ್ಯಾಕ್ಡ್ ಐಸ್‌ಗೆ ಬೇಕಾದ ಐಸ್ ಸುಮಾರು 10,000. ಜೋಡಿ ಹಳಿಯ ಬೆಲೆ ನಮ್ಮ ಕಡೆಯವರಿಗೆ ಗೊತ್ತಿರೋದೇ. ಬೆಂಗಳೂರು–ಮೈಸೂರು ರೈಲು ಮಾರ್ಗದ ಜೋಡಿ ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂದಾಗ, 2017ರಲ್ಲಿ ಆ ಕಟ್ಟಡವನ್ನು ಒಡೆಯದೆ ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು.

ಲೆಕ್ಕದ ಪ್ರಕಾರ ಮಂಡ್ಯದಿಂದ ಮದ್ದೂರಿನ ಮೇಲೆ ಮಳವಳ್ಳಿಗೆ 14 ಸೆಕೆಂಡ್. ನಿಜದಲ್ಲಿ ಇವತ್ತಿಗೂ ರೈಲು ಕಾಣದ ಮಳವಳ್ಳಿಗೆ! ಮಳವಳ್ಳಿಯವನು ಖುಷಿಗೆ ಗ್ರೂಪ್‌ನಲ್ಲಿ ಹತ್ತು ಮೆಸೇಜ್ ಹಾಕಿದ.

ಅಡ್ಡ ಬಂದವಳು ದೊಡ್ಡಿ. ಅವಳ ಊರು ಮದ್ದೂರು–ಮಳವಳ್ಳಿ ರಸ್ತೆಯ ಕೆ.ಎಂ. ದೊಡ್ಡಿ, ಬೋರ್ಡಿನಲ್ಲಿ ಭಾರತೀನಗರ. ಊರಲ್ಲಿ ಶುಗರ್ ಫ್ಯಾಕ್ಟರಿ ಇದೆ, ಆಟದಲ್ಲಿ ಅವಳದ್ದೂ ಕಬ್ಬಿನ ತೋಟವೇ. ಮೈನ್‌ಕ್ರಾಫ್ಟ್‌ನಲ್ಲಿ ಪೇಪರ್ ಮಾಡೋದು ಕಬ್ಬಿನಿಂದ. ಪುಸ್ತಕ, ಮ್ಯಾಪ್, ರಾಕೆಟ್ ಎಲ್ಲಕ್ಕೂ ಪೇಪರ್ ಬೇಕು. ನೆದರ್ ಸುರಂಗ ಅವಳ ತೋಟದ ಕೆಳಗೇ ಹೋಗ್ತಿತ್ತು, ಆದ್ರೆ ಅಲ್ಲಿ ಪೋರ್ಟಲ್ ಇರಲಿಲ್ಲ.

"ಮಧ್ಯ ಸ್ಟಾಪ್ ಕೊಟ್ರೆ ಸ್ಪೀಡ್ ಹೋಯ್ತದೆ ಮಗಾ" ಅಂದ ಮಂಡ್ಯದವನು.

"ನನ್ ಕಬ್ಬು ಬೇಕು, ನಂಗೆ ಸ್ಟಾಪ್ ಬ್ಯಾಡ್ವಾ?" ಅಂದಳು ದೊಡ್ಡಿ.

ಇದು ಆಟದ ಜಗಳ ಮಾತ್ರ ಅಲ್ಲ. 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನಮ್ಮ ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗತ್ತೆ. ಕಾರಲ್ಲಿ ಹೋಗೋರಿಗೆ ಗಂಟೆಗಟ್ಟಲೆ ಉಳೀತು. ಅದೇ ಹೊತ್ತಿಗೆ ಹಳೇ ರಸ್ತೆಯ ಹೋಟೆಲ್‌ನವರ ವ್ಯಾಪಾರ ಬಿತ್ತು. ಆ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಹತ್ತೋ ಹಾಗಿಲ್ಲ ಅಂತಾಯ್ತು. ಮದ್ದೂರು ವಡೆ 1917ರ ಸುಮಾರಿಗೆ ಮದ್ದೂರು ರೈಲ್ವೆ ಸ್ಟೇಷನ್‌ನಲ್ಲಿ ಹುಟ್ಟಿತು ಅಂತ ಹೇಳ್ತಾರೆ. ರೈಲು ಅಲ್ಲಿ ನಿಲ್ಲದೇ ಇದ್ದಿದ್ರೆ ಆ ವಡೆಯನ್ನು ಯಾರು ಕೊಳ್ತಿದ್ರು?

ಸ್ಟಾಪ್ ಕೊಟ್ಟರೆ ಸ್ಪೀಡ್ ಹೋಗತ್ತೆ ಅನ್ನೋದಕ್ಕೆ ಉತ್ತರ ರೈಲ್ವೆಯವರ ಹತ್ತಿರ ಮೊದಲೇ ಇದೆ: ಲೂಪ್ ಲೈನ್. ನಿಲ್ಲೋ ಗಾಡಿ ಪಕ್ಕಕ್ಕೆ ಸರಿಯತ್ತೆ, ನಿಲ್ಲದ ಗಾಡಿ ನೇರ ಹೋಗತ್ತೆ. ದೊಡ್ಡಿ ಸ್ಟಾಪಿಗೆ 20 ಬ್ಲಾಕ್ ಪಕ್ಕದ ಸಾಲು ಸಾಕಾಯ್ತು, ಅಂದ್ರೆ 180 ಐಸ್. ನಾನೂ ಅವಳೂ ಸೇರಿ ಒಂದು ಭಾನುವಾರ ಮುಗಿಸಿದೆವು. ಮಳವಳ್ಳಿಯವನಿಗೆ ಒಂದು ಸೆಕೆಂಡೂ ನಷ್ಟ ಆಗಲಿಲ್ಲ.

ನಿಜವಾದ ಪ್ರಾಬ್ಲಮ್ ಶುರುವಾಗಿದ್ದು ಆಮೇಲೆ. ಪ್ರತಿ ಸ್ಟೇಷನ್‌ನಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ 10 ಬೋಟ್. ತಗೊಂಡು ಹೋಗಬೇಕು, ಇಳಿದ ಕಡೆ ಪೆಟ್ಟಿಗೆಗೆ ಹಾಕಬೇಕು. ರಾತ್ರಿ ಎಲ್ಲರೂ ಆಟ ಮುಗಿಸೋದು ಮಂಡ್ಯದಲ್ಲಿ, ಯಾಕಂದ್ರೆ ಕುಲುಮೆ, ಅಂಗಡಿ ಎಲ್ಲ ಇರೋದು ಅಲ್ಲೇ. ವಾರ ಕಳೆಯೋ ಹೊತ್ತಿಗೆ ಮಂಡ್ಯದ ಪೆಟ್ಟಿಗೆ ತುಂಬಿತ್ತು, ದೊಡ್ಡಿಯ ಪೆಟ್ಟಿಗೆ ಖಾಲಿ. ಸೆಕೆಂಡಿಗೆ 40 ಬ್ಲಾಕ್ ಓಡೋ ದಾರಿ ಮುಂದೇನೇ ಇದೆ, ಹತ್ತೋಕೆ ಬೋಟ್ ಇಲ್ಲ.

"ನಿನ್ ಬೋಟ್ ನೀನೇ ಇಟ್ಕೊಂಡು ಓಡಾಡು, ಐದು ಹಲಗೆ ತಾನೇ" ಅಂತ ಸಲಹೆ ಬಂತು.

"ಆಗ ಅದು ಪಬ್ಲಿಕ್ ಹೆಂಗಾಯ್ತು? ಸತ್ತು ಬರಿಗೈಲಿ ಬಂದೋನು ಏನ್ ಮಾಡ್ಬೇಕು?" ಅಂದಳು.

ಈ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಬಸ್ ನಂಬೋಕಾಗಲ್ಲ ಅಂತ ಊರಲ್ಲಿ ಎಲ್ಲರೂ ಸಾಲ ಮಾಡಿಯಾದರೂ ಬೈಕ್ ತಗೋತಾರಲ್ಲ, ಅದೂ ಇದೇ ಸಲಹೆ. ಬೈಕ್ ಇಲ್ಲದವರು, ಓಡಿಸೋಕೆ ಬಾರದವರು, ಮನೆಯಲ್ಲಿ ಬೈಕ್ ಕೊಡದ ಹುಡುಗಿಯರು ಆ ಲೆಕ್ಕದಲ್ಲಿ ಬರೋದೇ ಇಲ್ಲ. ದೊಡ್ಡಿ ದಿನಾ ಬಸ್ಸಲ್ಲೇ ಕಾಲೇಜಿಗೆ ಬರ್ತಾಳೆ. ಲಾಸ್ಟ್ ಸೆಮ್‌ನಲ್ಲಿ ಒಂದು ಲ್ಯಾಬ್ ಇಂಟರ್ನಲ್ಸ್ ದಿನ ಅವಳು ಒಳಗೆ ಬಂದಾಗ ನಾವೆಲ್ಲ ಅರ್ಧ ಬರೆದು ಮುಗಿಸಿದ್ದೆವು. ಬಸ್ ಸ್ಲೋ ಆಗಿರಲಿಲ್ಲ. ಬಸ್ಸೇ ಬಂದಿರಲಿಲ್ಲ. ಗಂಟೆಗೆ 60 ಕಿಲೋಮೀಟರ್ ಓಡೋ ಬಸ್ಸನ್ನು 80ಕ್ಕೆ ಏರಿಸಿದ್ದರೂ ಅವತ್ತು ಅವಳಿಗೆ ಒಂದು ಮಾರ್ಕೂ ಹೆಚ್ಚಾಗ್ತಿರಲಿಲ್ಲ.

ಪರಿಹಾರ ಹೇಳಿದ್ದೂ ಅವಳೇ. ಮಳವಳ್ಳಿ ಹತ್ತಿರದ ಅವಳ ಅತ್ತೆ ಊರಿಗೆ ನೈಟ್ ಹಾಲ್ಟ್ ಬಸ್ ಇದೆ. ರಾತ್ರಿ ಕೊನೇ ಟ್ರಿಪ್ ಬಂದ ಬಸ್ ವಾಪಸ್ ಡಿಪೋಗೆ ಹೋಗಲ್ಲ. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗಿ, ಬೆಳಿಗ್ಗೆ ಅಲ್ಲಿಂದಲೇ ಹೊರಡ್ತಾರೆ. "ಬಸ್ಸು ಬೆಳಿಗ್ಗೆ ಎಲ್ಲಿರ್ಬೇಕು ಅನ್ನಾದನ್ನ ರಾತ್ರಿನೇ ನೋಡ್ಕತಾರೆ, ಅಷ್ಟೇ ಕಣ್ರೋ" ಅಂದಳು.

ಪೆಟ್ಟಿಗೆ ಇಟ್ಟ ಬೋಟ್ ಅಂತ ಒಂದಿದೆ, ಅದರಲ್ಲಿ 27 ಸಾಮಾನು ಹಿಡಿಸತ್ತೆ. ಈಗ ದಿನಾ ಕೊನೆಗೆ ಆಟ ಬಿಡೋರು ಮಂಡ್ಯದ ಪೆಟ್ಟಿಗೆ ನೋಡಿ, ಹೆಚ್ಚಿರೋ ಬೋಟ್‌ಗಳನ್ನು ಅದರಲ್ಲಿ ತುಂಬಿ ಮದ್ದೂರು, ದೊಡ್ಡಿ, ಮಳವಳ್ಳಿಗೆ ಹಂಚಿ ಅಲ್ಲೇ ಮಲಗಬೇಕು. ನಮ್ಮ ಭಾಷೆಯಲ್ಲಿ ಅದಕ್ಕೆ "ಹಾಲ್ಟ್ ಡ್ಯೂಟಿ". ಎರಡು ನಿಮಿಷದ ಕೆಲಸ, ಬೋರಿಂಗ್ ಕೆಲಸ, ಯಾರೂ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಲ್ಲ. ಆದ್ರೆ ನೆಟ್‌ವರ್ಕ್ ನಡೀತಿರೋದು ಅದರಿಂದಲೇ.

ಮುಂದೆ ನಮ್ಮಲ್ಲಿ ಕೆಲವರು ನಿಜವಾದ ರಸ್ತೆ, ರೈಲು, ಬಸ್ಸಿನ ಆ್ಯಪ್ ಮಾಡೋರು ಇರ್ತೀವಿ. ಆಗ ಟಾಪ್ ಸ್ಪೀಡ್ ಹೇಳೋಕೆ ಮುಂಚೆ ಎರಡು ಕಾಲಂ ಇರೋ ಒಂದು ಟೇಬಲ್ ಹಾಕಿದ್ರೆ ಒಳ್ಳೇದು: ಎಷ್ಟು ಹೊತ್ತು ಓಡ್ತೀವಿ, ಎಷ್ಟು ಹೊತ್ತು ಕಾಯ್ತೀವಿ. ದೊಡ್ಡಿ ತರದ ಊರುಗಳಲ್ಲಿ ಎರಡನೇ ಕಾಲಮ್ಮೇ ದೊಡ್ಡದಿರತ್ತೆ.

ಸರ್ವರ್‌ಗೆ ಸೇರೋ ಆಸೆ ಇರೋರು ಬರಿಗೈಲಿ ಬನ್ನಿ. ಪೆಟ್ಟಿಗೆಯಲ್ಲಿ ಬೋಟ್ ಇರತ್ತೆ.