ಮೌನವು ಸೊನ್ನೆಯಲ್ಲ

ಮಳೆಯನ್ನು ಅಳೆಯುವ ಕಾರ್ಯವು ಹೊಸಗಾಲದ್ದೆಂದು ಕೆಲವರು ತಿಳಿದಿರುವರು. ಅದು ಹಾಗಲ್ಲ. ಒಂದು ಅರತ್ನಿ, ಎಂದರೆ 24 ಅಂಗುಲ, ಬಾಯಗಲವುಳ್ಳ ಪಾತ್ರೆಯನ್ನು ಉಗ್ರಾಣದಲ್ಲಿಟ್ಟು ವರ್ಷಮಾನವನ್ನು ತಿಳಿಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಆ ಗ್ರಂಥವನ್ನು 1909ರಲ್ಲಿ ಅಚ್ಚಿಗೆ ತಂದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ಧಾನ್ಯವಿರುವಲ್ಲಿಯೇ ಮಳೆಯ ಪಾತ್ರೆಯೂ ಇರಬೇಕೆಂಬ ಆ ಹಿರಿಯನ ದೃಷ್ಟಿ ಎಷ್ಟು ಯುಕ್ತವಾದುದು! ಅನ್ನಕ್ಕೂ ಮಳೆಗೂ ಇರುವ ನಂಟನ್ನು ನಮ್ಮ ಬಯಲುಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಆ ಪಾತ್ರೆಗೆ ಒಂದು ಗುಣವಿತ್ತು. ಅದು ಉರುಳಿಬಿದ್ದರೆ ಕಣ್ಣಿಗೆ ಕಾಣುತ್ತಿತ್ತು. ಈಗಿನ ಯಂತ್ರಗಳಾದರೋ ಹೊಲದ ನಡುವೆ ಒಂಟಿಯಾಗಿ ನಿಂತು, ತಂತಿಯಿಲ್ಲದೆ, ಗಾಳಿಯೊಳಗಿಂದಲೇ ನಮಗೆ ವಾರ್ತೆಯನ್ನು ಕಳುಹಿಸುವವು. ಅವು ಬಾಯಿ ಮುಚ್ಚಿದರೆ ನಮಗೆ ಒಡನೆ ತಿಳಿಯುವುದಿಲ್ಲ. ತೊಡಕು ಇರುವುದು ಇಲ್ಲಿಯೇ.

ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆಯಾಗುವ ನಮ್ಮ ವಿಜಯಪುರದ ಸೀಮೆಯಲ್ಲಿ, ತಿಕೋಟಾ ಬಬಲೇಶ್ವರಗಳ ಕಡೆಗೆ ಹೋದವರು ದ್ರಾಕ್ಷಿಯ ಚಪ್ಪರಗಳನ್ನು ನೋಡಿಯೇ ಇರುವರು. ತಿಕೋಟೆಯ ಬಳಿ ನಮ್ಮ ಹಳೆಯ ಶಿಷ್ಯನೊಬ್ಬನ ತೋಟವಿದೆ. ಅಲ್ಲಿ ಕಬ್ಬಿಣದ ಕಂಬದ ಮೇಲೆ ಒಂದು ಯಂತ್ರವನ್ನು ನಿಲ್ಲಿಸಿರುವನು. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಒಂದು ಫಲಕ, ಒಂದು ಬ್ಯಾಟರಿ, ಮೊಬೈಲಿನಲ್ಲಿರುವಂತಹದೇ ಒಂದು ಸಿಮ್, ಮಳೆಗೆ ಒಂದು ಆಲಿಕೆ, ಎಲೆಯ ತೇವವನ್ನು ಅರಿಯಲು ಎಲೆಯನ್ನೇ ಹೋಲುವ ಒಂದು ಪಟ್ಟಿ, ಇವಿಷ್ಟು ಅದರ ಅಂಗಗಳು. ಕಾಲುಗಂಟೆಗೊಮ್ಮೆ ಅದು ಒಡೆಯನ ಮೊಬೈಲಿಗೆ ವರದಿಯನ್ನು ಒಪ್ಪಿಸುತ್ತದೆ.

ದ್ರಾಕ್ಷಿಯವರು ಅಕ್ಟೋಬರ್ ಚಾಟ್ನಿ ಎಂದು ಕರೆಯುವ ಕೊಂಬೆ ಸವರುವ ಕೆಲಸವು ಮುಗಿದು ಹೊಸ ಚಿಗುರು ಬರುವ ಕಾಲವು ಬಹು ನಾಜೂಕಾದುದು. ಆಗ ಎಲೆಯು ಬಹಳ ಹೊತ್ತು ತೊಯ್ದಿದ್ದರೆ ಬೂಜು ತುಪ್ಪಟ ರೋಗವು ಹತ್ತಿಕೊಳ್ಳುವುದು. ಅಂತಹ ದಿನಗಳಲ್ಲಿ ನಾವೊಮ್ಮೆ ಅವರ ಮನೆಗೆ ಹೋಗಿದ್ದೆವು. ಶಿಷ್ಯನು ಮೊಬೈಲನ್ನು ತೋರಿಸಿ, “ಗುರುಗಳ, ನಾಕು ದಿನದಿಂದ ಎಲಿ ಒಣಗೇ ಅದ. ಔಷಧ ಹೊಡೆಯೋ ಖರ್ಚು ಉಳೀತು” ಎಂದನು. ಒಳಗಿನಿಂದ ಅವನ ತಾಯಿಯು, “ಎಲಿ ಮುಟ್ಟಿ ನೋಡೋ ತಮ್ಮಾ, ನಸುಕಿನ್ಯಾಗ ನನ್ನ ಸೀರಿ ಸೆರಗೆಲ್ಲಾ ತೊಯ್ತು” ಎಂದರು. ನಾವು ಮೊಬೈಲನ್ನು ತೆಗೆದುಕೊಂಡು, ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ವೇಳೆಯನ್ನು ಓದಿದೆವು. ಅದು ನಾಲ್ಕು ದಿನ ಹಿಂದಿನದು! ಯಂತ್ರವು ‘ಒಣಗಿದೆ’ ಎಂದು ಹೇಳುತ್ತಿರಲಿಲ್ಲ, ಏನನ್ನೂ ಹೇಳುತ್ತಿರಲಿಲ್ಲ. ಅದರ ಕೊನೆಯ ಮಾತು ಮಾತ್ರ ಗೋಡೆಯ ಮೇಲಿನ ಹಳೆಯ ಪಂಚಾಂಗದಂತೆ ಉಳಿದಿತ್ತು.

ನಮ್ಮ ಶಾಸ್ತ್ರಕಾರರು ಈ ವಿಷಯವನ್ನು ಚೆನ್ನಾಗಿ ಚರ್ಚಿಸಿರುವರು. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಒಪ್ಪುವರು. ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ತಿಳಿಯುತ್ತೇವೆ. ಆದರೆ ಅದಕ್ಕೆ ಯೋಗ್ಯತೆಯೊಂದು ಬೇಕು. ಇದ್ದಿದ್ದರೆ ಕಾಣುತ್ತಿತ್ತು ಎಂಬ ನಿಶ್ಚಯವಿರಬೇಕು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ಮಾತು ನಿಂತ ಯಂತ್ರವು ಕತ್ತಲೆಯ ಕೋಣೆ. ಅದರ ಮೌನವನ್ನು ಸೊನ್ನೆಯೆಂದು ಬರೆದುಕೊಳ್ಳುವುದು ಅಪ್ರಮಾಣವು.

ತೋಟಕ್ಕೆ ಹೋಗಿ ನೋಡಲಾಗಿ ಎರಡು ಸಾಲುಗಳಲ್ಲಿ ಎಲೆಯ ಮೇಲೆ ಎಣ್ಣೆಯ ಹನಿಯಂತಹ ಹಳದಿ ಕಲೆಗಳು ಮೂಡಿದ್ದವು. ಅಂದು ಸಂಜೆಯೊಳಗೆ ಔಷಧವಾಯಿತು; ಮಿಕ್ಕ ಸಾಲುಗಳು ಉಳಿದವು. ನಾಲ್ಕು ದಿನ ಎಂಟಾಗಿದ್ದರೆ ಆ ಮನೆಯ ವರ್ಷದ ದುಡಿಮೆಯೇ ಹೋಗುತ್ತಿತ್ತು.

ಇನ್ನು ಯಂತ್ರದ ಚಿಕಿತ್ಸೆ. ರೋಗವನ್ನು ಅರಿಯದೆ ಮದ್ದು ಕೊಡಬಾರದೆಂಬ ವೈದ್ಯರ ನಿಯಮವೇ ಇಲ್ಲಿಯೂ ಸಲ್ಲುವುದು. ನೆರೆಯ ತೋಟಗಳ ಯಂತ್ರಗಳೂ ಸುಮ್ಮನಿದ್ದರೆ ದೋಷವು ಸಂಪರ್ಕದ ಜಾಲದಲ್ಲಿದೆ, ನಮ್ಮದನ್ನು ಮುಟ್ಟಬಾರದು. ಹಗಲು ಮಾತನಾಡಿ ಇರುಳು ಸುಮ್ಮನಾದರೆ ಬ್ಯಾಟರಿಯ ಮೇಲೆ ಸಂಶಯ. ದೀಪವು ಮಿನುಗುತ್ತಿದ್ದೂ ವಾರ್ತೆ ಬಾರದಿದ್ದರೆ ಸಿಮ್ಮಿನ ಅವಧಿಯನ್ನು ನೋಡಬೇಕು. ಇಲ್ಲಿಯಾದರೋ ಬಳ್ಳಿಗೆ ಸಿಂಪಡಿಸಿದ ಔಷಧವೇ ಫಲಕದ ಮೇಲೂ ಬಿದ್ದು ಬೆಳ್ಳಗೆ ಒಣಗಿ, ಬಿಸಿಲನ್ನು ತಡೆದಿತ್ತು. ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಬ್ಯಾಟರಿಯು ತುಂಬಿತು. ಆದರೂ ಯಂತ್ರವು ಎಚ್ಚರಗೊಳ್ಳಲಿಲ್ಲ. ಶಕ್ತಿಯು ಕುಂದಿದಾಗ ಅದು ನಡುವೆಯೇ ಸ್ತಬ್ಧವಾಗಿತ್ತು. ವಿದ್ಯುತ್ತನ್ನು ಬಿಡಿಸಿ, ಒಂದೆರಡು ನಿಮಿಷ ತಡೆದು, ಮತ್ತೆ ಜೋಡಿಸಬೇಕಾಯಿತು. ಫಲಕವನ್ನು ಒರೆಸದೆ ಬರಿಯ ಮರುಚಾಲನೆ ಮಾಡಿದ್ದರೆ ಎರಡು ದಿನಕ್ಕೆ ಮತ್ತೆ ಮೌನವೇ.

ಇಲ್ಲಿ ಒಂದು ಎಚ್ಚರಿಕೆ. ಮರುಚಾಲನೆಯು ಬೇರೆ, ಎಲ್ಲವನ್ನೂ ಅಳಿಸಿ ಮೊದಲಿನಂತೆ ಮಾಡುವುದು ಬೇರೆ. ಗುಂಡಿಯನ್ನು ಬಹಳ ಹೊತ್ತು ಒತ್ತಿಹಿಡಿದರೆ ಕೆಲವು ಯಂತ್ರಗಳು ತಮ್ಮ ಹೊಂದಿಕೆಗಳನ್ನೆಲ್ಲ ಮರೆಯುವವು. ಒಳಗೆ ಕೂಡಿಟ್ಟುಕೊಂಡಿದ್ದ ಅಂಕಿಗಳೂ ಹೋಗಬಹುದು. ಆದುದರಿಂದ ಮೊದಲು ಅಂಕಿಗಳನ್ನು ತೆಗೆದಿರಿಸಿಕೊಳ್ಳತಕ್ಕದ್ದು. ಎಚ್ಚೆತ್ತ ಮೇಲೆ ಯಂತ್ರದ ಗಡಿಯಾರವನ್ನು ನೋಡತಕ್ಕದ್ದು. ನಮ್ಮ ದೇಶದಲ್ಲಿ ದಿನದ ಮಳೆಯನ್ನು ಬೆಳಿಗ್ಗೆ 8-30ರಿಂದ ಮರುದಿನ 8-30ರವರೆಗೆ ಲೆಕ್ಕ ಹಿಡಿಯುವುದು ವಾಡಿಕೆ. ವೇಳೆಯು ತಪ್ಪಿದರೆ ಇಂದಿನ ಮಳೆಯು ನಿನ್ನೆಯ ಲೆಕ್ಕಕ್ಕೆ ಬೀಳುವುದು.

ಮಳೆಮಾಪಕದೊಳಗೆ ಏತದ ಮರದಂತೆ ಅತ್ತಿತ್ತ ಬಾಗುವ ಜೋಡಿ ಬಟ್ಟಲುಗಳಿರುವವು. ಒಂದು ತುಂಬಿ ಬಾಗಿದಾಗ ಒಂದು ಎಣಿಕೆ. ಅದರ ಪರೀಕ್ಷೆಗಾಗಿ ಅಳೆದ ನೀರನ್ನು ಹೊಯ್ದರೆ ಯಂತ್ರವು ಅದನ್ನೂ ಮಳೆಯೆಂದೇ ಎಣಿಸುವುದು, ಅದಕ್ಕೆ ಭೇದವು ತಿಳಿಯದು. ನೀರು ಹೊಯ್ದ ವೇಳೆಯನ್ನೂ ಪ್ರಮಾಣವನ್ನೂ ಬರೆದಿಟ್ಟು ಅದನ್ನು ಲೆಕ್ಕದಿಂದ ತೆಗೆಯಬೇಕು. ಇಲ್ಲವಾದರೆ ಬಾರದ ಮಳೆಯು ಬಂದಂತಾಗುವುದು.

ಇದು ಒಂದು ತೋಟದ ಮಾತು ಮಾತ್ರವಲ್ಲ. 1988ರಲ್ಲಿ ಬರಗಾಲದ ನಿಗಾ ಘಟಕವಾಗಿ ಹುಟ್ಟಿ, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾದ ಸಂಸ್ಥೆಯು ಗ್ರಾಮ ಪಂಚಾಯತಿಗೊಂದರಂತೆ ಇಂತಹ ಮಳೆಮಾಪಕಗಳನ್ನು ನಿಲ್ಲಿಸಿರುವುದು ಶ್ಲಾಘ್ಯವಾದ ಕಾರ್ಯ. ಹವಾಮಾನವನ್ನು ಆಧರಿಸಿದ ಬೆಳೆವಿಮೆಯಲ್ಲಿ ರೈತನಿಗೆ ಪರಿಹಾರವು ಸಲ್ಲುವುದೂ ಯಂತ್ರಗಳ ಅಂಕಿಗಳ ಮೇಲೆಯೇ. ಅಂಕಿ ಬಾರದ ದಿನವನ್ನು ‘ಮಳೆಯಿಲ್ಲ’ ಎಂದು ಬರೆದರೆ ಬರವಿಲ್ಲದಲ್ಲಿ ಬರವಾಗುವುದು, ಅತಿವೃಷ್ಟಿಯಿಂದ ಕೆಟ್ಟವನಿಗೆ ಕೈ ಬರಿದಾಗುವುದು. ಅಂತಹ ದಿನದ ಮನೆಯನ್ನು ಖಾಲಿಯಾಗಿಯೇ ಬಿಡುವುದು ಪ್ರಾಮಾಣಿಕರ ಲಕ್ಷಣ. ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಹೆಸರು ಕರೆಯದ ದಿನ ಹುಡುಗನನ್ನು ಗೈರುಹಾಜರು ಮಾಡುವುದು ನ್ಯಾಯವಲ್ಲವಷ್ಟೆ?

ಸರಕಾರದ ಪೆಟ್ಟಿಗೆಯನ್ನು ನಾವಾಗಿ ತೆರೆಯಲಾಗದು, ತೆರೆಯಲೂ ಬಾರದು. ಆದರೆ ಅದರ ಮೇಲೆ ಬಳ್ಳಿ ಹಬ್ಬಿದ್ದರೆ, ಕಂಬ ವಾಲಿದ್ದರೆ ಪಂಚಾಯತಿಗೆ ತಿಳಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಸ್ವಂತ ಯಂತ್ರವುಳ್ಳವರು ಅಂಕಿಗಿಂತ ಮೊದಲು ಅದರ ವೇಳೆಯನ್ನು ಓದುವ ರೂಢಿಯನ್ನಿಟ್ಟುಕೊಳ್ಳಲಿ. ತಿಂಗಳಿಗೊಮ್ಮೆ ಫಲಕವನ್ನು ಒರೆಸಲಿ. ಮತ್ತು ಮನೆಯ ಹಿರಿಯರು ಎಲೆಯು ತೊಯ್ದಿದೆಯೆಂದಾಗ, ಮೊಬೈಲನ್ನು ಕೆಳಗಿಟ್ಟು ಒಮ್ಮೆ ತೋಟಕ್ಕೆ ಹೋಗಿ ನೋಡಲಿ.