ಸಂಡರ್‌ಲೆಂಡಿನ ಪಾರಿವಾಳಗಳಿಗೆ ಚಳಿಗಾಲದ ರಜೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲೆಂಡಿನಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಬಲು ಸೋಮಾರಿ ಗುಮಾಸ್ತ. ಬೆಳಿಗ್ಗೆ ಎಂಟೂವರೆಗೆ ಬಂದು ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಹೊರಟುಬಿಡುತ್ತಾನೆ. ನಾನೂ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನೇ, ಆದ್ದರಿಂದ ಈ ಮಾತು ಹೇಳಬಹುದು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಏಳು ವರ್ಷದ ಮೊಮ್ಮಗನನ್ನು ಶಾಲೆಯಿಂದ ಕರೆತರುವ ಹೊಣೆ ಹೊತ್ತು ಕಳೆದ ಚಳಿಗಾಲ ನಾನು ಅಲ್ಲಿದ್ದೆ. ನನ್ನಾಕೆ ಮೈಸೂರಿನಲ್ಲಿ, ಮಗನ ಕೂಸನ್ನು ನೋಡಿಕೊಳ್ಳುತ್ತ.

ಸಂಡರ್‌ಲೆಂಡ್ ಕಲ್ಲಿದ್ದಲಿನ ಊರು. ಅಲ್ಲಿನ ಕೊನೆಯ ಗಣಿ 1993ರಲ್ಲಿ ಮುಚ್ಚಿತು. ಆ ಜಾಗದಲ್ಲೀಗ ಫುಟ್‌ಬಾಲ್ ಕ್ರೀಡಾಂಗಣವಿದೆ. ಗಣಿ ಹೋದರೂ ಗಣಿಯವರ ಹುಚ್ಚೊಂದು ಉಳಿದಿದೆ: ಪಂದ್ಯದ ಪಾರಿವಾಳ. ದಿನವಿಡೀ ನೆಲದಡಿಯ ಕತ್ತಲಲ್ಲಿ ದುಡಿದವನಿಗೆ ಮೇಲೆ ಬಂದೊಡನೆ ಆಕಾಶ ನೋಡಲು ಒಂದು ನೆಪ ಬೇಕಲ್ಲ! ಪಾರಿವಾಳದ ಮರದ ಮನೆಗೆ ಅಲ್ಲಿನವರು ‘ಕ್ರೀ’ ಎನ್ನುತ್ತಾರೆ. ಪಕ್ಕದ ರೈಹೋಪ್‌ನಲ್ಲಿ 1955ರಲ್ಲಿ ಕಟ್ಟಿದ ಕ್ರೀಯೊಂದು ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ನಮ್ಮಲ್ಲಿ ಹಳೆಯ ದೇಗುಲಗಳಿಗೆ ಸಿಗುವ ಮರ್ಯಾದೆ ಅಲ್ಲಿ ಹಕ್ಕಿಗೂಡಿಗೂ ಸಿಕ್ಕಿದೆ.

ಮಗಳ ಮನೆಯ ಹಿಂದೆ ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಜಮೀನುಗಳಿವೆ. ಅಲ್ಲೊಬ್ಬ ನಿವೃತ್ತ ಗಣಿ ಕಾರ್ಮಿಕರ ಕ್ರೀ ಇತ್ತು. ಸುಮಾರು ನನ್ನದೇ ವಯಸ್ಸು. ಅವರ ಇಂಗ್ಲಿಷ್ ಅರ್ಧ ನನಗೆ ತಿಳಿಯುತ್ತಿರಲಿಲ್ಲ, ಉಳಿದರ್ಧವನ್ನು ಮೊಮ್ಮಗ ಕನ್ನಡಕ್ಕೆ ತರುತ್ತಿದ್ದ. ಗೂಡಿನೊಳಗೆ ಎರಡು ಕೋಣೆ, ನಡುವೆ ಹಲಗೆಯ ಗೋಡೆ. ಈಚೆ ಬರೀ ಗಂಡು, ಆಚೆ ಬರೀ ಹೆಣ್ಣು.

“ಅಜ್ಜ, ಇವು ಜಗಳ ಆಡಿದವಾ?” ಎಂದ ಮೊಮ್ಮಗ.

ಜಗಳವಲ್ಲ, ರಜೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪಂದ್ಯ. ಲಾರಿಯಲ್ಲಿ ದಕ್ಷಿಣಕ್ಕೆ, ಕೆಲವೊಮ್ಮೆ ಫ್ರಾನ್ಸಿನವರೆಗೂ ಒಯ್ದು ಬಿಟ್ಟರೆ ಮನೆಗೆ ಹಾರಿಬರಬೇಕು. ನಡುವೆಯೇ ಸಂಸಾರ. ಒಂದು ಸಲಕ್ಕೆ ಎರಡು ಮೊಟ್ಟೆ, ಹದಿನೇಳು ಹದಿನೆಂಟು ದಿನ ಕಾವು. ಗಂಡು ಬೆಳಿಗ್ಗೆ ಹತ್ತರ ಸುಮಾರಿಗೆ ಕೂತರೆ ಸಂಜೆಯ ಹೊತ್ತಿಗೆ ಏಳುತ್ತದೆ (ಥೇಟ್ ಬ್ಯಾಂಕಿನ ವೇಳೆ!), ಹೆಣ್ಣಿಗೆ ಇಡೀ ರಾತ್ರಿಯ ಪಾಳಿ. ಮರಿಗೆ ತಾಯಿ ತಂದೆ ಇಬ್ಬರೂ ಗಂಟಲಚೀಲದಲ್ಲಿ ಊರುವ ‘ಹಾಲು’ ಉಣಿಸುತ್ತಾರೆ. ಇದರ ಮೇಲೆ ಹಳೆಯ ಗರಿ ಉದುರಿ ಹೊಸದು ಬರಬೇಕು. ಜೋಡಿಯನ್ನು ಒಟ್ಟಿಗೇ ಬಿಟ್ಟರೆ ಕೊರೆಯುವ ಚಳಿಯಲ್ಲೂ ಮೊಟ್ಟೆ ಇಡುವ ಸಂಭವವುಂಟು. ಹೆಣ್ಣಿನ ಮೈಯ ಸುಣ್ಣವೆಲ್ಲ ಚಿಪ್ಪಿಗೆ ಖರ್ಚು, ಹುಟ್ಟಿದ ಮರಿಗೆ ಚಳಿಯ ಕಾಟ. ಹಾಗಾಗಿ ನವೆಂಬರ್ ಹೊತ್ತಿಗೆ ಬೇರೆ ಮಾಡಿ, ಮೈ ಬೆಳೆಯದಂತೆ ಬಾರ್ಲಿ ಹೆಚ್ಚಾಗಿ ಹಾಕುತ್ತಾರೆ. ಬೇರೆ ಮಾಡಿದರೂ ಎಲ್ಲ ಸುಗಮವೆಂದಲ್ಲ. ಬರೀ ಹೆಣ್ಣುಗಳಿರುವ ಕೋಣೆಯಲ್ಲಿ ಎರಡು ಹೆಣ್ಣುಗಳೇ ಜೋಡಿಯಾಗಿ, ಒಂದೇ ಗೂಡಿನಲ್ಲಿ ಮರಿಯಾಗದ ನಾಲ್ಕು ಮೊಟ್ಟೆ ಇಟ್ಟುಬಿಡುವುದುಂಟು!

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಇಷ್ಟು ತೂಕವಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಏಸಿ ಪೆಟ್ಟಿಗೆಯ ಹಿಂದೆ ಪಾರಿವಾಳಗಳು ವರ್ಷದ ಯಾವ ತಿಂಗಳನ್ನೂ ಬಿಟ್ಟಿದ್ದಿಲ್ಲ.

ಯಜಮಾನರ ತಲೆನೋವು ಒಂದೇ ಜೋಡಿಯದು. ಎಂಟು ವರ್ಷದ ನೀಲಿ ಗಂಡು, ಅದೇ ವಯಸ್ಸಿನ ಚುಕ್ಕೆ ಹೆಣ್ಣು. ಪಂದ್ಯದಿಂದ ನಿವೃತ್ತಿಯಾಗಿದ್ದವು. ಇವನ್ನೇಕೆ ಅಗಲಿಸುವುದೆಂದು ಹಿಂದಿನ ಚಳಿಗಾಲ ಒಟ್ಟಿಗೇ ಬಿಟ್ಟಿದ್ದರಂತೆ. ಜನವರಿಯಲ್ಲಿ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿತು. ಗರಿ ಕೆದರಿ ಮೂಲೆ ಸೇರಿದ್ದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಡುಗೆಮನೆಯಲ್ಲಿ ರಾತ್ರಿಯೆಲ್ಲ ಬೆಚ್ಚಗೆ ಕಾದರಂತೆ. ಬೆಳಗಿನ ಜಾವ ಮೊಟ್ಟೆ ಹೊರಬಂದು ಜೀವ ಉಳಿಯಿತು.

ಈ ಸಲ ಅವೆರಡಕ್ಕೂ ನಡುವೆ ಜಾಲರಿ ಹಾಕಿದರು. ಮುಟ್ಟದಿದ್ದರೇನು, ಮುಖ ಕಾಣಲಿ ಎಂದು. ಪಕ್ಕದ ಕ್ರೀಯವರು ಬಂದು ನೋಡಿ ಗದರಿದರು: ಕಣ್ಣೆದುರಿಗಿದ್ದರೆ ವಿಶ್ರಾಂತಿ ಎಲ್ಲಿಯದು, ಹಲಗೆ ಹಾಕಿ! ಅವರ ಮಾತೂ ಸರಿಯೇ. ಗಂಡು ಹಗಲೆಲ್ಲ ಜಾಲರಿಗೆ ಎದೆ ಕೊಟ್ಟು ಗುಟುರುತ್ತಿತ್ತು. ಹೆಣ್ಣು ಕಾಳು ಬಿಟ್ಟು ಜಾಲರಿಯ ಬುಡದಲ್ಲೇ ಕೂರುತ್ತಿತ್ತು. “ಸುಳ್ಳು ಮೊಟ್ಟೆ ಇಟ್ಟು ಮೋಸ ಮಾಡಬಹುದಲ್ಲ?” ಎಂದೆ. ಮರದ ಮೊಟ್ಟೆಯ ಮೇಲೆ ಕಾವಿಗೆ ಕೂತಷ್ಟು ದಿನ ಹೊಸದು ಇಡುವುದಿಲ್ಲ ಎಂದು ಅವರೇ ಹೇಳಿದ್ದರು. “ಅದಕ್ಕೂ ಮೊದಲು ನಿಜವಾದ್ದು ಇಡಬೇಕಲ್ಲ, ಆ ಗಂಡಾಂತರವೇ ಬೇಡ” ಎಂದು ಮರುದಿನ ಹಲಗೆ ಹೊಡೆದರು. ಮೊಳೆ ಹಿಡಿದುಕೊಂಡವನು ನಾನೇ. ಅಂದು ರಾತ್ರಿ ಮೈಸೂರಿಗೆ ವಿಡಿಯೋ ಕರೆ ಮಾಡಿ ಇದನ್ನೆಲ್ಲ ಹೇಳಿದೆ. “ನಮಗೂ ಜಾಲರಿಯೇ ಹಾಕಿದ್ದಾರೆ ನೋಡಿ” ಎಂದಳು ನನ್ನಾಕೆ, ಫೋನನ್ನು ಕೂಸಿನ ಕಡೆ ತಿರುಗಿಸುತ್ತ.

ಮೂರೇ ದಿನದಲ್ಲಿ ಹೆಣ್ಣು ಕಾಳು ತಿನ್ನತೊಡಗಿತು. ಗಂಡಿಗೆ ವಾರ ಮೀರಿ ಹಿಡಿಯಿತು. ಯಾರು ಏನೇ ಹೇಳಲಿ, ಹೆಣ್ಣು ಹಕ್ಕಿಯ ಮಟ್ಟಿಗೆ ಹಲಗೆಯೇ ಸರಿ ಅನ್ನಿಸಿತು ನನಗೆ.

ಮತ್ತೆ ಕೂಡಿಸಲು ಅಲ್ಲಿ ಸಂಪ್ರದಾಯದ ದಿನ ಫೆಬ್ರುವರಿ 14, ಪ್ರೇಮಿಗಳ ದಿನ. ಹೊತ್ತು ಉದ್ದವಾಗಿರುತ್ತದೆ, ಚಿಪ್ಪಿನ ಪುಡಿ ತಿಂದು ಮೈ ಗಟ್ಟಿಯಾಗಿರುತ್ತದೆ. ಹಲಗೆ ತೆಗೆದಾಗ ಮೊಮ್ಮಗ ಉಸಿರು ಬಿಗಿಹಿಡಿದಿದ್ದ. ಗಂಡು ಕೊರಳುಬ್ಬಿಸಿ, ಬಾಲ ಬೀಸಣಿಗೆ ಮಾಡಿ, ಬಗ್ಗಿ ಬಗ್ಗಿ ಸುತ್ತು ಹಾಕಿತು. ಹೆಣ್ಣು ಅದನ್ನು ದಾಟಿಕೊಂಡು ನೇರ ಕಾಳಿನ ತೊಟ್ಟಿಗೆ ಹೋಯಿತು. ಯಜಮಾನರು ಕೆಮ್ಮು ಬರುವಷ್ಟು ನಕ್ಕರು.

ನಾಲ್ಕನೆಯ ದಿನ ಹೋದಾಗ ಹೆಣ್ಣು ಹಳೆಯ ಗೂಡಿನ ಮೂಲೆಯಲ್ಲಿ ಕೂತಿತ್ತು. ಗಂಡು ಒಂದೊಂದೇ ಕಡ್ಡಿ ತಂದು ಅದರ ಪಕ್ಕ ಇಡುತ್ತಿತ್ತು. ಮೊಮ್ಮಗ ಎಣಿಸುತ್ತ ನಿಂತ. ನಾವು ಮನೆಗೆ ಹೊರಡುವಾಗ ಹದಿನೇಳಾಗಿತ್ತು.